ಎರಡನೇ ನಂಬರಿನ ಪ್ಲಗ್ಗು

ನರಸಿಂಹರಾಜಪುರ
೩ ಡಿಸೆಂಬರ್ ೧೯೪೩, ಶುಕ್ರವಾರ

ಹಿಂದೂಸ್ಥಾನದಲ್ಲಿ ಮೋಟಾರು ಓಡಿಸಿದ ಮೊದಲನೆಯ ಮನುಷ್ಯ ನಾನು. ಎರಡನೆಯವನು ಒಬ್ಬ ಬಿಳಿ ದೊರೆ. ಗಾಡಿಯನ್ನು ಎಡಕ್ಕೆ ಹೊರಳಿಸಬೇಕಾದರೆ ಸ್ಟೀರಿಂಗನ್ನೂ ಎಡಕ್ಕೇ ತಿರುಗಿಸಬೇಕು ಎಂದು ಅವನಿಗೆ ಹೇಳಿಕೊಟ್ಟವನೂ ನಾನೇ. ಇಂಜಿನ್ನಿನ ಸದ್ದನ್ನು ಅರ್ಧ ಮೈಲಿ ದೂರದಿಂದ ಕೇಳಿ ಅದರ ಕಾಯಿಲೆ ಹೇಳಬಲ್ಲೆ, ನನ್ನ ಕಿವಿ ಅಂಥದ್ದು. ನನಗೆ ಲೈಸೆನ್ಸ್ ಇಲ್ಲ ಎಂಬುದು ಬೇರೆ ಮಾತು. ಕೊಡುವವರಿಗೆ ನನ್ನನ್ನು ಪರೀಕ್ಷೆ ಮಾಡುವಷ್ಟು ವಿದ್ಯೆ ಇರಲಿಲ್ಲ.

ಇದನ್ನು ಮೊದಲ ಪುಟದಲ್ಲೇ ಬರೆದಿಡಬೇಕಿತ್ತು. ಆದರೆ ಇದು ಡಿಸೆಂಬರಿನ ಪುಟ. ಅಡಿಕೆ ಮಂಡಿಯವರು ಪುಕ್ಕಟೆ ಕೊಟ್ಟ ಡೈರಿ ಹನ್ನೊಂದು ತಿಂಗಳು ಖಾಲಿ ಬಿದ್ದಿತ್ತು, ಬರೆಯುವಂಥದ್ದು ಏನೂ ಆಗಿರಲಿಲ್ಲ. ಈಗ ಆಗಿದೆ. ಅಕ್ಕನ ಬಸ್ಸು ನನ್ನ ಕೈಗೆ ಬಂದಿದೆ.

ವೀರಬಸಮ್ಮಕ್ಕನ ಗಂಡ ತೀರಿಕೊಂಡು ಮೂರು ವರ್ಷವಾಯಿತು. ಭಾವ ಬಿಟ್ಟುಹೋದದ್ದು ಒಂದು ಬಸ್ಸು, ಒಂದು ಶೆಡ್ಡು, ಮಗಳು ಗಂಗಾಂಬಿಕೆ, ನಮ್ಮ ಗಂಗಿ. ಬಸ್ಸು ಬೆಳಿಗ್ಗೆ ಇಲ್ಲಿಂದ ಕೊಪ್ಪದ ಮೇಲೆ ಶೃಂಗೇರಿಗೆ ಹೋಗಿ, ಸಂಜೆ ವಾಪಸ್ಸು ಬಂದು, ಇಲ್ಲಿಂದ ತರೀಕೆರೆಗೆ ಹೊರಡುವ ರೈಲಿಗೆ ಜನರನ್ನು ಮುಟ್ಟಿಸಬೇಕು. ಯುದ್ಧ ಬಂದ ಮೇಲೆ ಪೆಟ್ರೋಲಿಲ್ಲ. ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ, ಇದ್ದಲು ಸುಟ್ಟು, ಆ ಗ್ಯಾಸಿನಲ್ಲಿ ಓಡಿಸುವ ಕಾಲ. ಇದ್ದಲಿನ ಬೂದಿ, ಅಂಟು ಎಲ್ಲ ಇಂಜಿನ್ನಿಗೆ ನುಗ್ಗುತ್ತವೆ. ಒಳಗೆ ಕಿಡಿ ಹಾರಿಸಬೇಕಾದ ಪ್ಲಗ್ಗುಗಳು ಮಸಿ ಹಿಡಿದು ಸಾಯುತ್ತವೆ. ಹೋದ ತಿಂಗಳು ಎರಡು ಸಲ ರೈಲು ತಪ್ಪಿತು. ನಿನ್ನೆ ಬಸ್ಸಿನ ರೂಟು ನೋಡಿಕೊಳ್ಳುವ ಇನ್ಸ್‌ಪೆಕ್ಟರು ಶೆಡ್ಡಿಗೇ ಬಂದು ಅಕ್ಕನಿಗೆ, "ಸಂಕ್ರಾಂತಿ ತನಕ ನೋಡ್ತೀನಿ ತಾಯಿ. ಇನ್ನೊಂದು ಸಲ ರೈಲು ತಪ್ಪಿತು ಅಂದ್ರೆ ರೂಟು ಬೇರೆಯವ್ರಿಗೆ," ಎಂದು ಹೇಳಿಹೋದರು.

ರೂಟು ಹೋದರೆ ತಾಯಿ ಮಗಳು ನನ್ನ ಮನೆಗೆ ಬಂದು ಉಣ್ಣಬೇಕು. ನಾನು ಉಣ್ಣುತ್ತಿರುವುದು ಅವರ ಮನೆಯಲ್ಲಿ.

ಭಾವನ ಕಾಲದಿಂದ ಒಂದು ಪದ್ಧತಿ ನಡೆದುಬಂದಿದೆ. ದಿನದ ಕೊನೆಯ ಟಿಕೆಟ್ಟಿನ ಹಣ ಬಸ್ಸಿನದು. ಅದನ್ನು ಎಣಿಸದೆ ತಾಮ್ರದ ಗಿಂಡಿಗೆ ಹಾಕುವುದು. ಎಣಿಸಿದರೆ ಕರಗುತ್ತದೆ ಎಂದು ಭಾವ ನಂಬಿದ್ದರು. ಇವತ್ತು ಅಕ್ಕ ಆ ಗಿಂಡಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ಷಡಕ್ಷರಿ, ಶಿವಮೊಗ್ಗಕ್ಕೆ ಹೋಗಿ ಇಂಜಿನ್ನಿಗೆ ಎಂತ ಬೇಕೋ ತಾ. ಎಷ್ಟಿದೆ ಅಂತ ನಂಗೂ ಗೊತ್ತಿಲ್ಲ. ನಿಂಗೂ ಗೊತ್ತಾಗದು ಬೇಡ."

"ಬೇಕಾಗಿರೋದು ಪ್ಲಗ್ಗು ಅಕ್ಕಾ, ಬೇರೆಂತದೂ ಅಲ್ಲ. ಸದ್ದಲ್ಲೇ ಗೊತ್ತಾಗ್ತದೆ," ಎಂದೆ. ಬಸ್ಸು ಆಗ ನಿಂತಿತ್ತು. ನನಗೆ ನಿಂತ ಇಂಜಿನ್ನಿನ ಸದ್ದೂ ಕೇಳುತ್ತದೆ.

೬ ಡಿಸೆಂಬರ್, ಸೋಮವಾರ

ಶಿವಮೊಗ್ಗದಿಂದ ಗೆದ್ದು ಬಂದೆ. ಊರೆಲ್ಲ ಸುತ್ತಿದರೂ ಒಂದು ಪ್ಲಗ್ಗಿಲ್ಲ, ಎಲ್ಲ ಮಿಲಿಟರಿಗೆ ಹೋಗಿದೆ ಎನ್ನುತ್ತಾರೆ. ಆದರೆ ನನ್ನಂಥವನಿಗೆ ಬಾಗಿಲು ತಾನಾಗಿ ತೆರೆಯುತ್ತದೆ. ಒಂದು ಸಂದಿಯಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ ಒಬ್ಬ ಮಹಾನುಭಾವರು ಸಿಕ್ಕಿದರು. ನನ್ನ ಹಣೆ ನೋಡಿದ್ದೇ "ಶರಣು, ಬನ್ನಿ ಬನ್ನಿ," ಎಂದು ಒಳಗೆ ಕರೆದು ಮಣೆ ಹಾಕಿದರು. ಹೊರಗಿನವರಿಗೆ ತೋರಿಸದ ಮಾಲು ತೆಗೆದರು. ಇಪ್ಪತ್ತು ಪ್ಲಗ್ಗು, ಎಲ್ಲವೂ ವಿಲಾಯತಿಯವು, ಒಂದೊಂದಕ್ಕೂ ಬೇರೆ ಬೇರೆ ಕಾಗದದ ಹೊದಿಕೆ. ಒಳಗಿನ ಪಿಂಗಾಣಿಗೆ ಮಲ್ಲಿಗೆ ಮೊಗ್ಗಿನ ಬಿಳುಪು. ನಾನು ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು, ಮೂಸಿ ನೋಡಿದೆ. ನನಗೆ ಮೋಸ ಮಾಡುವವನು ಇನ್ನೂ ಹುಟ್ಟಬೇಕು.

ಗಿಂಡಿಯನ್ನು ಅವರ ಮುಂದೆ ಬೋರಲು ಹಾಕಿದೆ. ಅವರೇ ಎಣಿಸಿಕೊಂಡರು. ನಾನು ಎಣಿಸಲಿಲ್ಲ, ಭಾವನ ಪದ್ಧತಿ ಮುರಿಯಬಾರದಲ್ಲ. ವಾಪಸ್ಸು ಬರುವ ಖರ್ಚಿಗೆಂದು ಅವರೇ ಒಂದು ರೂಪಾಯಿ ಹಿಂದೆ ಕೊಟ್ಟರು. ಎಂಥ ಮನುಷ್ಯ!

೭ ಡಿಸೆಂಬರ್, ಮಂಗಳವಾರ

ಡ್ರೈವರ್ ಜಟ್ಟಪ್ಪನ ಕಣ್ಣೆದುರಿಗೇ ನಾಲ್ಕು ಹೊಸ ಪ್ಲಗ್ಗು ಬಿಗಿದೆ. ಬಸ್ಸು ಹುಲಿಯಂತೆ ಹೋಯಿತು. ಕೊಪ್ಪದ ಹೋಟೆಲಿನಲ್ಲಿ ಎಲ್ಲರೂ ಕೇಳುವಂತೆ ಶಿವಮೊಗ್ಗದ ಕಥೆ ಹೇಳಿದೆ. ಜಟ್ಟಪ್ಪ ಬೀಡಿ ಹಚ್ಚಿಕೊಂಡು, "ಇವತ್ತು ಹುಲಿ ಸೈ. ನಾಳೆ ನೋಡಣ," ಎಂದ. ಅಸೂಯೆ, ಮತ್ತೇನು?

೮ ಡಿಸೆಂಬರ್, ಬುಧವಾರ

ಕೊಪ್ಪಕ್ಕೆ ಮೊದಲು ಸಿಗುವ ನಾರ್ವೆ ಹಳ್ಳಿ ಕಳೆದ ಮೇಲಿನ ಏರಿನಲ್ಲಿ ಬಸ್ಸು ಕೆಮ್ಮಿತು. ಆಮೇಲೆ ನಿಂತಿತು. ಶೃಂಗೇರಿಗೆ ಹೊರಟಿದ್ದ ಯಾತ್ರಿಕರೆಲ್ಲ ಇಳಿದು ರಸ್ತೆ ಬದಿಯಲ್ಲಿ ಕೂತರು. ಜಟ್ಟಪ್ಪ ಪ್ಲಗ್ಗು ಬಿಚ್ಚಿ, ಬಟ್ಟೆಯಲ್ಲಿ ಹಿಡಿದು ನನ್ನ ಕೈಗೆ ಕೊಟ್ಟ.

ಮಲ್ಲಿಗೆ ಬಿಳುಪು ಹೆಕ್ಕಳಿಕೆಯಾಗಿ ಏಳುತ್ತಿತ್ತು. ಅದರ ಕೆಳಗೆ ಹಳೇ ಮಸಿ, ಮಸಿಯ ಕೆಳಗೆ ಪಿಂಗಾಣಿಯಲ್ಲಿ ಕೂದಲೆಳೆಯಷ್ಟು ಬಿರುಕು. ಬಿಳಿಯ ಪುಡಿಯನ್ನು ಬೆರಳಿಗೆ ತೆಗೆದುಕೊಂಡು ಮೂಸಿದೆ. ಈ ಸಲ ಮೂಗು ಸುಳ್ಳು ಹೇಳಲಿಲ್ಲ. ದಿನಾ ಬೆಳಿಗ್ಗೆ ಪೂಜೆಯ ಡಬ್ಬಿ ತೆಗೆದರೆ ಬರುವ ವಾಸನೆ. ವಿಭೂತಿ. ಗೋಂದಿನಲ್ಲಿ ಕಲಸಿ ಹಚ್ಚಿದ್ದಾನೆ. ನನ್ನ ಹಣೆ ನೋಡಿ ಒಳಗೆ ಕರೆದವನು, ನನ್ನ ಹಣೆಯ ಮೇಲಿರುವುದನ್ನೇ ನನಗೆ ಮಾರಿದ್ದಾನೆ.

ಪುಡಿಯನ್ನು ಕೆಳಗೆ ಕೊಡವಲು ಹೋಗಿ ಕೈ ತಡೆದುಕೊಂಡೆ. ವಿಭೂತಿಯನ್ನು ತುಳಿಯುವ ಜಾಗದಲ್ಲಿ ಬೀಳಿಸುವುದು ಹೇಗೆ? ಪ್ಲಗ್ಗಿಗೆ ಸುತ್ತಿ ಬಂದಿದ್ದ ಕಾಗದವೊಂದರಲ್ಲಿ ಅದನ್ನು ಉದುರಿಸಿ ಮಡಿಚಿದೆ.

"ಮೋಸದ ಬೂದಿಗೂ ಮರ್ಯಾದೆಯನಾ, ಮಾರಾಯ್ರೆ?" ಎಂದ ಜಟ್ಟಪ್ಪ.

"ಮೋಸ ಅವನದು. ವಿಭೂತಿ ಎಂತ ಮಾಡ್ತದೆ?"

ಹಳೇ ಪ್ಲಗ್ಗುಗಳನ್ನೇ ಉಜ್ಜಿ ಹಾಕಿ ಹೇಗೋ ಹೋಗಿ ಬಂದೆವು. ರೈಲು ತಪ್ಪಲೇಬೇಕಿತ್ತು. ನಮ್ಮ ಪುಣ್ಯಕ್ಕೆ ಅದೂ ತಡವಾಗಿತ್ತು.

೯ ಡಿಸೆಂಬರ್

ಬರೆಯುವಂಥದ್ದು ಏನೂ ಇಲ್ಲ. ವ್ಯಾಪಾರದಲ್ಲಿ ಲಾಭನಷ್ಟ ಇದ್ದದ್ದೇ. ಹೋದದ್ದು ಹತ್ತಿಪ್ಪತ್ತು ರೂಪಾಯಿ.

೧೧ ಡಿಸೆಂಬರ್, ಶನಿವಾರ

ಶೆಡ್ಡಿನ ಮೂಲೆಯಲ್ಲಿ ಭಾವನ ಕಾಲದ ಸೀಮೆಎಣ್ಣೆ ಡಬ್ಬ ಸಿಕ್ಕಿತು. ಒಳಗೆ ಬಿಚ್ಚಿ ಹಾಕಿದ ಪ್ಲಗ್ಗುಗಳು, ಲೆಕ್ಕವಿಲ್ಲದಷ್ಟು. ಭಾವ ಏನನ್ನೂ ಬಿಸಾಡಿದವರಲ್ಲ. ಹಳೇ ಪ್ಲಗ್ಗನ್ನು ಹೊಸದು ಮಾಡುವ ವಿದ್ಯೆ ನನಗೆ ಮೊದಲಿನಿಂದಲೂ ಗೊತ್ತು ಎಂದು ಅಕ್ಕನಿಗೆ ಹೇಳಿದೆ. ಆಮೇಲೆ ಶೆಡ್ಡಿಗೆ ಹೋಗಿ ಅದು ಯಾವ ವಿದ್ಯೆ ಇರಬಹುದು ಎಂದು ಯೋಚಿಸುತ್ತ ಕೂತೆ.

ಮಸಿ ಸುಟ್ಟುಹೋಗಲಿ ಎಂದು ಮೂರನ್ನು ಕೆಂಡದಲ್ಲಿ ಹಾಕಿದೆ. ಕೆಂಪಾದವು. ಇಕ್ಕಳದಲ್ಲಿ ಹಿಡಿದು ನೀರಿಗೆ ಅದ್ದಿದೆ, ಕಮ್ಮಾರ ಮಾಡುವುದು ಹಾಗೆಯೇ ಅಲ್ಲವೆ. ಟಿಣ್ ಟಿಣ್ ಟಿಣ್. ಮೂರೂ ಬಿರಿದವು. ನಾಲ್ಕನೆಯದನ್ನು ಮೊಳೆಯಿಂದ ಕೆರೆದೆ. ಗಂಗಿ ಬಾಗಿಲಲ್ಲಿ ನಿಂತು ಲಾಟೀನಿನ ಚಿಮಣಿ ಒರೆಸುತ್ತಿದ್ದಳು.

"ಮಾವ, ಚಿಮಣಿ ಒಳಗೆ ಯಾರಾದ್ರೂ ಮೊಳೆ ಹಾಕಿ ಕೆರೀತಾರಾ? ಒಂದ್ಸಲ ಗೀರು ಬಿತ್ತು ಅಂದ್ರೆ ಮಸಿ ಅಲ್ಲೇ ಮನೆ ಮಾಡ್ತದೆ."

"ಇದು ಇಂಜಿನ್ ಕಣೇ. ನಿನ್ನ ಅಡಿಗೆಮನೆ ಅಲ್ಲ."

"ಮಸಿಗೆ ಗೊತ್ತಾ ಅದು?"

ಆ ನಾಲ್ಕನೆಯದನ್ನು ಹಾಕಿ ನೋಡಿದೆವು. ಕಿಡಿ ತುದಿಯಲ್ಲಿ ಹಾರುವ ಬದಲು ಗೀರಿನ ಮೇಲೆ ಜಾರಿ ಹೋಯಿತು. ಗಂಗಿಗೆ ಹೇಳಲಿಲ್ಲ.

೧೪ ಡಿಸೆಂಬರ್, ಮಂಗಳವಾರ

ಷಡಕ್ಷರಿ ಪದ್ಧತಿ ಎಂದು ನಾನು ಹೆಸರಿಟ್ಟಿರುವ ಪದ್ಧತಿ ಹೀಗಿದೆ. ಅಂಟುವಾಳದ ನೀರಿನಲ್ಲಿ ಪ್ಲಗ್ಗನ್ನು ಇಡೀ ದಿನ ನೆನೆಹಾಕುವುದು. ಆಮೇಲೆ ಒಂದು ಚಮಚ ಸೀಮೆಎಣ್ಣೆ, ಹೆಚ್ಚು ಕೊಡಲು ಅಕ್ಕ ಒಪ್ಪುವುದಿಲ್ಲ. ಅಡಿಕೆ ದಬ್ಬೆಯನ್ನು ಚೂಪಾಗಿ ಸೀಳಿದ ಕಡ್ಡಿಯಿಂದ ಒಳಗಿನ ಮಸಿ ಬಿಡಿಸುವುದು. ಕಬ್ಬಿಣ ಕೂಡದು. ತೆಂಗಿನ ನಾರಿನ ಕುಂಚದಲ್ಲಿ ತಿಕ್ಕಿ, ಬಿಸಿಲಿಗಿಟ್ಟು, ಮೆಲ್ಲಗೆ ಒಣಗಿಸುವುದು. ಕೊನೆಗೆ ಕಿಡಿ ಹಾರುವ ಸಂದು. ಅದಕ್ಕೆ ಪೋಸ್ಟ್ ಕಾರ್ಡು ಮಡಿಚಿ ತೂರಿಸಿದರೆ ಸರಿಯಾದ ಅಳತೆ. ಶಿವಮೊಗ್ಗದ ಇಪ್ಪತ್ತರಲ್ಲಿ ಬಿರುಕಿಲ್ಲದ್ದು ಆರು ಸಿಕ್ಕಿವೆ, ಭಾವನ ಡಬ್ಬದಿಂದ ಒಂಬತ್ತು.

ಒಂದೊಂದರ ವಿಭೂತಿಯನ್ನೂ ಪೊಟ್ಟಣಕ್ಕೆ ತೆಗೆದಿಟ್ಟಿದ್ದೇನೆ. ಬೆಳಿಗ್ಗೆ ಅದರಿಂದಲೇ ಹಣೆಗೆ ಇಡುವುದು. ಇಷ್ಟು ದುಬಾರಿಯ ವಿಭೂತಿಯನ್ನು ಈ ಸೀಮೆಯಲ್ಲಿ ಯಾರೂ ಹಚ್ಚಿರಲಾರರು.

ಸೀಮೆಎಣ್ಣೆ ಕೊಡುವಾಗ ಅಕ್ಕ, "ಗಿಂಡಿಯಲ್ಲಿ ತುಂಬ ಇತ್ತನಾ?" ಎಂದಳು. "ಚಿಲ್ಲರೆಯೇ ಜಾಸ್ತಿ," ಎಂದೆ. ಸರಿಯಾಗಿ ಹೇಳುವುದಾದರೆ ಐವತ್ತರ ಹತ್ತಿರ ಇದ್ದಿರಬಹುದು.

೧೯ ಡಿಸೆಂಬರ್, ಭಾನುವಾರ

ಈಗ ನಾನೂ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ, ಅದರಲ್ಲಿ ಬಟ್ಟೆ ಸುತ್ತಿದ ತೊಳೆದ ಪ್ಲಗ್ಗುಗಳು. ಕೊಪ್ಪದಲ್ಲಿ, ಶೃಂಗೇರಿಯಲ್ಲಿ, ಬರುವಾಗ ಮತ್ತೆ ಕೊಪ್ಪದಲ್ಲಿ ಬಾನೆಟ್ಟು ಎತ್ತಿ ಮಸಿ ಹಿಡಿದದ್ದನ್ನು ಬದಲಾಯಿಸುವುದು. ಜನ ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು.

ಕೊಪ್ಪದಲ್ಲಿ ಕಾಫಿ ತೋಟದ ಲೆಕ್ಕ ಬರೆಯುವ ಒಬ್ಬ ರೈಟರು, ಕೋಟು ಹಾಕಿದವರು, ಕಿಟಕಿಯಿಂದ ತಲೆ ಹಾಕಿ, "ಏ ಕ್ಲೀನರ್, ಆ ಟ್ರಂಕ್ ಮೇಲೆ ಹಾಕು," ಎಂದರು. ಕ್ಲೀನರ್! ಬಸ್ಸಿನಲ್ಲಿ ಅವನಿಗಿಂತ ಕೆಳಗೆ ಇರುವುದು ಟೈರು ಮಾತ್ರ. ನಾನು ಬಸ್ಸಿನ ಯಜಮಾನಿಯ ತಮ್ಮ, ಹಿಂದೂಸ್ಥಾನದಲ್ಲಿ ಇತ್ಯಾದಿ ಎಂದು ಹೇಳಲು ಬಾಯಿ ತೆರೆದೆ.

ಜಟ್ಟಪ್ಪ ಒಲೆಗೆ ಇದ್ದಲು ಸುರಿಯುತ್ತಿದ್ದವನು, "ತಪ್ಪೆಂತದು? ಕ್ಲೀನ್ ಮಾಡೋರನ್ನ ಮತ್ತೆಂತ ಕರೀಬೇಕು?" ಎಂದ. ಬಸ್ಸೆಲ್ಲ ನಕ್ಕಿತು.

ಟ್ರಂಕು ಬಹಳ ಭಾರವಿತ್ತು.

೨೪ ಡಿಸೆಂಬರ್, ಶುಕ್ರವಾರ

ಒಂದು ವಿಷಯ ಗಮನಕ್ಕೆ ಬಂದಿದೆ, ಬರೆದಿಡುತ್ತೇನೆ. ಮೊದಲು ಬಿಚ್ಚಿದ ಪ್ಲಗ್ಗುಗಳನ್ನೆಲ್ಲ ಒಂದೇ ಕಡೆ ಸುರಿಯುತ್ತಿದ್ದೆ. ಮೊನ್ನೆಯಿಂದ ಇಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಯಾವುದು ಎಲ್ಲಿಯದೆಂದು ಸಾಲಾಗಿ ಇಡುತ್ತಿದ್ದೇನೆ. ಒಂದು, ಮೂರು, ನಾಲ್ಕನೇ ನಂಬರಿನ ಪ್ಲಗ್ಗುಗಳ ಮಸಿ ಒಣಮಸಿ. ಊದಿದರೂ ಅರ್ಧ ಹೋಗುತ್ತದೆ, ಎರಡು ದಿನ ತಡೆಯುತ್ತವೆ. ಎರಡನೇ ನಂಬರಿನದು ಮಾತ್ರ ಯಾವಾಗಲೂ ಒದ್ದೆ. ಎಣ್ಣೆ ಹಚ್ಚಿ ಬಾಚಿದ ತಲೆಯಂತೆ ಮಿರಮಿರ. ಹೊಸದಾಗಿ ತೊಳೆದದ್ದನ್ನು ಹಾಕಿದರೂ ಹಾಗೆಯೇ, ಬೇರೆ ಪ್ಲಗ್ಗು ಹಾಕಿದರೂ ಹಾಗೆಯೇ. ಇವತ್ತು ಅದನ್ನು ಒಂದನೇ ನಂಬರಿಗೆ ಹಾಕಿ ನೋಡಿದೆ. ಅಲ್ಲಿ ಅದು ಒಣಗಿತು.

ಅಂದರೆ ತಪ್ಪು ಪ್ಲಗ್ಗಿನದಲ್ಲ. ಅದು ಕೂತ ಜಾಗದ್ದು. ಕೆಳಗಿನಿಂದ ಎಣ್ಣೆ ಮೇಲೆ ಬರುತ್ತಿದೆ. ನಾನು ತಿಕ್ಕುತ್ತಿರುವುದು ಮುಖವನ್ನು, ಕಾಯಿಲೆ ಇರುವುದು ಹೊಟ್ಟೆಯಲ್ಲಿ.

ಎಣ್ಣೆಯನ್ನು ತಡೆಯಬೇಕಾದ್ದು ಪಿಸ್ಟನ್ನಿನ ರಿಂಗು. ಇದ್ದಲಿನ ಬೂದಿ ಅದನ್ನು ತೇದು ಹಾಕಿರಬೇಕು. ನನಗೆ ಖಚಿತವಾಗಿ ಗೊತ್ತಿಲ್ಲ. ಜಟ್ಟಪ್ಪನನ್ನು ಕೇಳಿದೆ, ಅವನೂ "ಇರಬೌದು," ಎಂದ. ಇಬ್ಬರೂ ತುಂಬ ಹೊತ್ತು ಪ್ಲಗ್ಗು ಕೂರುವ ತೂತನ್ನು ನೋಡುತ್ತ ನಿಂತೆವು.

ಅರ್ಧ ಮೈಲಿಯಿಂದ ಕಾಯಿಲೆ ಹೇಳುವ ಕಿವಿ ಅಂದು ಏನು ಮಾಡುತ್ತಿತ್ತೋ. ಗಿಂಡಿಯ ಹಣದಲ್ಲಿ ರಿಂಗು ಬರುತ್ತಿತ್ತು, ಬಿಗಿದು ಕೂರಿಸುವ ಮೇಸ್ತ್ರಿಯೂ ಬರುತ್ತಿದ್ದ.

೩೧ ಡಿಸೆಂಬರ್, ಶುಕ್ರವಾರ

ಡೈರಿ ಮುಗಿಯಿತು. ಹೊಸ ಡೈರಿ ಕೊಡುವಷ್ಟು ಕಾಗದ ಮಂಡಿಯವರಿಗೂ ಸಿಕ್ಕಿಲ್ಲವಂತೆ. ಮುಂದಿನದನ್ನು ಇದೇ ಡೈರಿಯ ಜನವರಿಯಲ್ಲಿ ಬರೆಯುತ್ತೇನೆ. ಪುಟಗಳು ಖಾಲಿಯೇ ಇವೆ, ಮೇಲೆ ಇಸವಿ ತಿದ್ದಿದರಾಯಿತು.

ರೈಲು ಇಲ್ಲಿಯವರೆಗೆ ತಪ್ಪಿಲ್ಲ.

೫ ಜನವರಿ ೧೯೪೪, ಬುಧವಾರ

ಎರಡನೇ ನಂಬರಿನ ಪ್ಲಗ್ಗು ಮೊದಲು ಕೊಪ್ಪದವರೆಗೆ ತಡೆಯುತ್ತಿತ್ತು. ಈಗ ಅಲ್ಲಿಗೆ ಮೊದಲೇ ಸಾಯುತ್ತದೆ. ಜಟ್ಟಪ್ಪ ಏರಿಗೆ ಮುಂಚೆ ತಾನಾಗಿ ನಿಲ್ಲಿಸುತ್ತಾನೆ, ನಾನು ಇಳಿದು ಬದಲಾಯಿಸಿ ಬರುತ್ತೇನೆ. ಬಿಸಿ ಕಬ್ಬಿಣ ಹಿಡಿದು ಹಿಡಿದು ಬಲಗೈ ಬೆರಳುಗಳ ತುದಿಗೆ ಸ್ಪರ್ಶ ಕಮ್ಮಿಯಾಗಿದೆ. ವಿಭೂತಿ ಹಚ್ಚುವಾಗ ಪುಡಿ ಬೆರಳಿಗೆ ಅಂಟಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ನಾರ್ವೆಯಲ್ಲಿ ದಿನಾ ಹತ್ತುವ ಯಲ್ಲಕ್ಕ, ಕೊಪ್ಪದ ಪೇಟೆಯಲ್ಲಿ ಬುಟ್ಟಿ ಮಾರುವವಳು, "ಕ್ಲೀನರ್ ಮಾವ, ಬುಟ್ಟಿ ಇಡ್ಲಿಕ್ಕೆ ಒಂಚೂರು ಜಾಗ ಮಾಡಿ," ಎಂದಳು. ಮಾಡಿಕೊಟ್ಟೆ.

ಗಿಂಡಿಯ ಹಣದಲ್ಲಿ ರಿಂಗು ಬರುತ್ತಿತ್ತು ಎಂಬುದನ್ನೂ ಸೇರಿಸಿ ಜಟ್ಟಪ್ಪನೊಬ್ಬನಿಗೇ ಪೂರ್ತಿ ಹೇಳಿದ್ದೇನೆ. ಅವನು ಕೇಳಿದ: "ಗಿಂಡಿಯಾಗೆ ಎಷ್ಟಿತ್ತು, ಖರೆ ಹೇಳಿ?"

"ನೂರು ದಾಟಿರಲಿಕ್ಕಿಲ್ಲ."

"ಯಜಮಾನ್ತಿ ಹತ್ರ ಎಷ್ಟು ಅಂದಿದ್ರಿ?"

"ಚಿಲ್ಲರೆ ಅಂದಿದ್ದೆ."

ಜಟ್ಟಪ್ಪ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

೧೩ ಜನವರಿ, ಗುರುವಾರ

ಇವತ್ತಿನದು ಬರೆಯಲೇಬೇಕು.

ಹಬ್ಬದ ಹಿಂದಿನ ದಿನ, ಬಸ್ಸು ಕಿಕ್ಕಿರಿದಿತ್ತು. ಶೃಂಗೇರಿಯಿಂದ ಹೊರಡುವುದೇ ತಡವಾಯಿತು. ಮುಂದಿನ ಸೀಟಿನಲ್ಲಿ ಇನ್ಸ್‌ಪೆಕ್ಟರು, ಮಡಿಲಲ್ಲಿ ಗಡಿಯಾರ. ಕೊಪ್ಪ ದಾಟಿದ ಮೇಲೆ ಎರಡನೇ ನಂಬರು ಸತ್ತಿತು. ಬದಲಾಯಿಸಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ಸತ್ತಿತು. ಡಬ್ಬಿಯಲ್ಲಿ ತೊಳೆದದ್ದು ಒಂದೂ ಉಳಿದಿರಲಿಲ್ಲ. ಮೂರೇ ಸಿಲಿಂಡರಿನಲ್ಲಿ, ಅಷ್ಟು ಜನರನ್ನು ಹೊತ್ತು, ಮುಂದಿನ ಏರು ಹತ್ತುವ ಹಾಗಿರಲಿಲ್ಲ.

ಜಟ್ಟಪ್ಪ ನನ್ನ ಮುಖ ನೋಡಿದ. ಹಿಂದಿನ ಷಡಕ್ಷರಿಯಾಗಿದ್ದರೆ ಇನ್ಸ್‌ಪೆಕ್ಟರಿಗೆ ಆ ಬಿಳಿ ದೊರೆಯ ಕಥೆ ಹೇಳಿ ಹೊತ್ತು ಕಳೆಯುತ್ತಿದ್ದೆ. ಹೇಳಬೇಕೆಂದು ನೆನಪೇ ಆಗಲಿಲ್ಲ. ಒದ್ದೆ ಪ್ಲಗ್ಗನ್ನು ಒಂದನೇ ನಂಬರಿಗೆ ಹಾಕಿದೆ, ಅಲ್ಲಿ ಅದು ಒಣಗುತ್ತದೆ. ಒಂದನೆಯದರ ಒಣ ಪ್ಲಗ್ಗನ್ನು ಎರಡಕ್ಕೆ ಹಾಕಿದೆ. "ಸ್ವಲ್ಪ ಹೊತ್ತು ನಡೀತದೆ ಜಟ್ಟಪ್ಪ. ಮತ್ತೆ ನಿಂತ್ರೆ ಮೂರರಿಂದ ತೆಗೆದು ಹಾಕ್ತೀನಿ, ಆಮೇಲೆ ನಾಲ್ಕರಿಂದ. ಎರಡಕ್ಕೆ ಒಂದೊಂದೇ ಉಣ್ಣಿಸ್ತಾ ಹೋಗಣ," ಎಂದೆ.

ಏರಿನಲ್ಲಿ ಜನ ಇಳಿದು ನಡೆದರು. ಕೇಳಿಕೊಂಡವನು ನಾನೇ. ಇನ್ಸ್‌ಪೆಕ್ಟರೂ ಇಳಿದರು. ನಾನು ಬಾನೆಟ್ಟಿನ ಪಕ್ಕದ ಪಟ್ಟಿಯ ಮೇಲೆ ನಿಂತು, ಕಿವಿ ಇಂಜಿನ್ನಿಗೆ ಕೊಟ್ಟು ಹೋದೆ. ಪ್ಲಗ್ಗು ಸಾಯುವ ಮುಂಚೆ ಒಂದು ತೊದಲು ಕೇಳುತ್ತದೆ. ಅದು ಕೇಳಿದ ಕೂಡಲೇ ಕೈ ಎತ್ತುತ್ತಿದ್ದೆ, ಜಟ್ಟಪ್ಪ ನಿಲ್ಲಿಸುತ್ತಿದ್ದ. ಹೀಗೆ ನಾಲ್ಕನ್ನೂ ಸುತ್ತಿಸುತ್ತ ಊರು ಮುಟ್ಟಿದೆವು. ಸ್ಟೇಷನ್ನಿನಲ್ಲಿ ರೈಲು ಹೊಗೆ ಬಿಡುತ್ತ ನಿಂತಿತ್ತು.

ಇನ್ಸ್‌ಪೆಕ್ಟರು ಇಳಿಯುವಾಗ, "ಕ್ಲೀನರ್ ಒಳ್ಳೆಯವ್ನು ಸಿಕ್ಕಿದಾನೆ ತಾಯಿ, ಬಿಡಬೇಡಿ," ಎಂದು ಸ್ಟೇಷನ್ನಿನಲ್ಲಿ ಕಾಯುತ್ತಿದ್ದ ಅಕ್ಕನಿಗೆ ಹೇಳಿದರು. ಅಕ್ಕ "ನಮ್ಮ ಷಡಕ್ಷರಿ," ಎಂದಳು.

ಬೆಳಿಗ್ಗೆ ಪೊಟ್ಟಣ ಕೊಡವಿದ್ದೆ. ವಿಭೂತಿ ಮುಗಿದಿದೆ.

೧೫ ಜನವರಿ, ಶನಿವಾರ

ಹಬ್ಬ ಕಳೆಯಿತು, ರೂಟು ಉಳಿಯಿತು. ನಾಡಿದ್ದು ಬಸ್ಸಿಗೆ ಒಂದು ದಿನ ರಜೆ ಕೊಡಲು ಇನ್ಸ್‌ಪೆಕ್ಟರು ಒಪ್ಪಿದ್ದಾರೆ, ರಿಪೇರಿಗೆಂದು.

ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಎಳ್ಳುಬೆಲ್ಲದ ತಟ್ಟೆಯ ಪಕ್ಕದಲ್ಲಿ ಅದೇ ತಾಮ್ರದ ಗಿಂಡಿ ತಂದಿಟ್ಟಳು. ನಾನು ಖಾಲಿ ಮಾಡಿದ ಮೇಲೆ ದಿನವೂ ಕೊನೆಯ ಟಿಕೆಟ್ಟಿನ ಹಣ ಮತ್ತೆ ಹಾಕುತ್ತ ಬಂದಿದ್ದಾಳೆ. ಎತ್ತಿದರೆ ತಳದಲ್ಲಷ್ಟೇ ಸದ್ದು.

"ಜಟ್ಟಪ್ಪ ಹೇಳ್ದ, ರಿಂಗು ಬೇಕಂತೆ. ತಗಂಡ್ ಹೋಗು."

"ಇದು ಸಾಲೋದಿಲ್ಲ ಅಕ್ಕಾ."

"ಎಣಿಸದೇ ಹೆಂಗೆ ಗೊತ್ತು?"

"ಎಣಿಸಣ. ನಿನ್ನ ಎದುರಿಗೇ."

"ಎಣಿಸಿದ್ರೆ ಕರಗ್ತದೆ ಅಂತಿದ್ರಲ್ಲೋ ಅವರು."

"ಎಣಿಸದೇ ಇದ್ದದ್ದನ್ನ ನಾನು ಕರಗಿಸಿದ್ನಲ್ಲ."

ಗಂಗಿ ಕಬ್ಬಿನ ತುಂಡು ಕಡಿಯುತ್ತಿದ್ದವಳು ನಿಲ್ಲಿಸಿದಳು. ಅಕ್ಕ ಗಿಂಡಿಯನ್ನು ಚಾಪೆಯ ಮೇಲೆ ಬೋರಲು ಹಾಕಿದಳು. ಮೂವರೂ ಕೂತು ಎಣಿಸಿದೆವು. ಮೂವತ್ತೊಂದು ರೂಪಾಯಿ ಚಿಲ್ಲರೆ. ಕರಗಲಿಲ್ಲ, ಅಲ್ಲೇ ಇತ್ತು.

ಅಕ್ಕ ನಾಣ್ಯಗಳನ್ನು ಸಾಲಾಗಿ ಜೋಡಿಸುತ್ತ, ನನ್ನ ಕಡೆ ನೋಡದೆ ಕೇಳಿದಳು: "ಆವತ್ತು ಅದ್ರಾಗೆ ಎಷ್ಟಿತ್ತು, ಷಡಕ್ಷರಿ?"

ಐವತ್ತು ಎನ್ನಬಹುದಿತ್ತು. ನೂರು ಎಂದರೂ ನಂಬುತ್ತಿದ್ದಳು. ಜಗತ್ತಿನಲ್ಲಿ ಗೊತ್ತಿದ್ದವರು ಇಬ್ಬರೇ, ಇನ್ನೊಬ್ಬ ಆ ಪ್ಲಗ್ಗು ಮಾರಿದವನು, ಅವನು ಶಿವಮೊಗ್ಗದಲ್ಲಿದ್ದಾನೆ, ಬಂದು ಹೇಳುವವನಲ್ಲ. ನಾನು ಎಣಿಸಲಿಲ್ಲ ಎಂದು ಈ ಡೈರಿಯಲ್ಲೇ ಬರೆದಿದ್ದೇನೆ, ಅದು ನಿಜ. ಆದರೆ ಅವನು ಬಾಯಿಬಿಟ್ಟು ಎಣಿಸಿದ್ದ, ನನ್ನ ಕಿವಿ ಪಕ್ಕದಲ್ಲೇ ಇತ್ತು.

ಬೆರಳ ತುದಿಗೆ ಒಂದು ಎಳ್ಳು ಅಂಟಿತ್ತು. ಅದನ್ನು ತಟ್ಟೆಗೆ ಉದುರಿಸಿ ಹೇಳಿದೆ.

ನೂರ ಎಂಬತ್ತೇಳು ರೂಪಾಯಿ, ಆರಾಣೆ.